ಚಿಕ್ಕಬಳ್ಳಾಪುರದಿಂದ ಲಂಡನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿಕೊಳ್ಳುವ ಬಗೆ

ನಮ್ಮ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಲಂಡನ್‌ಗೆ ಹೊರಟಾಗ ಮನೆಮಂದಿಯೆಲ್ಲ ಒಂದೊಂದು ಲೆಕ್ಕ ಹೇಳಿದೆವು. ಅಳಿಯ ಫೋನಿನಲ್ಲಿ ಹನ್ನೊಂದು ಗಂಟೆ ಅಂದ. ಟಿಕೆಟ್ ನೋಡಿದ ಚಿಕ್ಕಪ್ಪ, 'ಬೆಳಿಗ್ಗೆ ಏಳಕ್ಕೆ ಬಿಟ್ಟು ಮಧ್ಯಾಹ್ನ ಹನ್ನೆರಡೂವರೆಗೆ ಸೇರುತ್ತೆ, ಐದೂವರೆ ಗಂಟೆ ಅಷ್ಟೇ' ಅಂದರು. ನೆಟ್‌ನಲ್ಲಿ ಹುಡುಕಿದ ತಮ್ಮನಿಗೆ ಒಂಬತ್ತೂವರೆ ಗಂಟೆ ಅಂತ ಸಿಕ್ಕಿತು, ಅದೂ ಚಿಕ್ಕಬಳ್ಳಾಪುರದಿಂದ ನೇರವಾಗಿ. ನಮ್ಮೂರಲ್ಲಿ ವಿಮಾನ ನಿಲ್ದಾಣವೇ ಇಲ್ಲವಲ್ಲ! ಎಲ್ಲ ಕೇಳಿಸಿಕೊಂಡ ಚಿಕ್ಕಮ್ಮ, 'ಅದೆಲ್ಲ ಬೇಡ ಕಣೋ, ನಾನು ಎಷ್ಟು ಹೊತ್ತು ಕೂತಿರಬೇಕು, ಮಾತ್ರೆ ಯಾವಾಗ ತಗೋಬೇಕು, ಅಷ್ಟು ಹೇಳು' ಅಂದರು.

ಅವತ್ತು ಕೂತು ಹಾಕಿದ ಲೆಕ್ಕವೇ ಇದು. ನಿಮ್ಮ ಮಕ್ಕಳು ಇರುವ ಊರು ಬೇರೆಯದಾದರೆ ಅಂಕಿ ಬದಲಾಗುತ್ತದೆ, ದಾರಿ ಇದೇ. ಮೊದಲೇ ಒಂದು ಮಾತು. ಭೂಮಿಯ ಮೇಲಿನ ದೂರ, ವಿಮಾನದಲ್ಲಿ ಕೂರುವ ಹೊತ್ತು, ಮನೆಯಿಂದ ಮನೆಗೆ ಹಿಡಿಯುವ ಹೊತ್ತು, ಇವು ಮೂರೂ ಬೇರೆ ಬೇರೆ. ಜಗಳ ಬರುವುದೇ ಮೂರನ್ನೂ ಕಲಸಿದಾಗ.

ಹಂತ 1: ಎಲ್ಲಿಂದ ಎಲ್ಲಿಗೆ ಅಂತ ಸರಿಯಾಗಿ ಬರೆದುಕೊಳ್ಳಿ

ಊರಿನ ಹೆಸರಲ್ಲ, ನಿಲ್ದಾಣದ ಹೆಸರು ಬೇಕು. ನಮಗೆ ಹತ್ತಿರದ್ದು ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. 2008ರ ಮೇ ತಿಂಗಳಲ್ಲಿ ಶುರುವಾಯಿತು. ಟಿಕೆಟ್‌ನಲ್ಲಿ ಬಿಎಲ್‌ಆರ್ ಅಂತ ಇರುತ್ತದೆ. ಬೆಂಗಳೂರಿನವರು ಅದು ದೂರ ಅಂತ ಗೊಣಗುತ್ತಾರೆ, ನಮಗೆ ಮಾತ್ರ ಮನೆ ಬಾಗಿಲಲ್ಲೇ ಇದ್ದ ಹಾಗೆ. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಕಾರಿನವರಿಗೆ ಇದನ್ನು ಮೊದಲೇ ಹೇಳಿ.

ಆ ಕಡೆಯದೂ ನೋಡಿಕೊಳ್ಳಿ. ಲಂಡನ್‌ಗೆ ಹೀಥ್ರೂ, ಗ್ಯಾಟ್‌ವಿಕ್ ಅಂತ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿವೆ. ಕರೆದುಕೊಂಡು ಹೋಗಲು ಬರುವವರು ಒಂದು ಕಡೆ, ಇಳಿಯುವವರು ಇನ್ನೊಂದು ಕಡೆ ಆಗಬಾರದು. ಚಿಕ್ಕಮ್ಮ ಇಳಿಯುವುದು ಹೀಥ್ರೂನಲ್ಲಿ.

ಇನ್ನು ಈ ಎರಡೂ ಜಾಗದ ಅಕ್ಷಾಂಶ, ರೇಖಾಂಶ ಬೇಕು. ಫೋನಿನ ಗೂಗಲ್ ಮ್ಯಾಪ್‌ನಲ್ಲಿ ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಬೆಂಗಳೂರು ನಿಲ್ದಾಣ 13.20 ಉತ್ತರ, 77.71 ಪೂರ್ವ. ಹೀಥ್ರೂ 51.47 ಉತ್ತರ, 0.45 ಪಶ್ಚಿಮ. ಪಶ್ಚಿಮ ಇದ್ದರೆ ಮ್ಯಾಪ್ ಅದನ್ನು ಮೈನಸ್ ಹಾಕಿ ತೋರಿಸುತ್ತದೆ.

ಹಂತ 2: ಮೊದಲು ದಾರ, ಆಮೇಲೆ ಕ್ಯಾಲ್ಕುಲೇಟರ್

ಗೋಡೆಗೆ ನೇತು ಹಾಕುವ ಚಪ್ಪಟೆ ಭೂಪಟವನ್ನು ಈ ಕೆಲಸಕ್ಕೆ ನಂಬಬೇಡಿ. ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಹತ್ತಿರದ ದಾರಿ ಅಲ್ಲ. ಭೂಮಿ ದುಂಡಗಿದೆ. ಅದನ್ನು ಹರವಿ ಚಪ್ಪಟೆ ಮಾಡುವಾಗ ಉತ್ತರದ ದೇಶಗಳೆಲ್ಲ ಎಳೆದ ಹೋಳಿಗೆ ಹಿಟ್ಟಿನ ಹಾಗೆ ಅಗಲವಾಗುತ್ತವೆ.

ಸ್ಕೂಲಿನ ಗ್ಲೋಬ್ ಒಂದನ್ನು ತನ್ನಿ. ಜೊತೆಗೆ ಹೂ ಕಟ್ಟುವ ದಾರ. ನಮ್ಮ ಮನೆಯಲ್ಲಿ ಶಿಡ್ಲಘಟ್ಟದ ರೇಷ್ಮೆ ನೂಲಿನ ಒಂದು ತುಂಡು ಇತ್ತು, ಅದು ಇನ್ನೂ ಚೆನ್ನಾಗಿ ಕೂರುತ್ತದೆ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಲ್ಲಿ ಒತ್ತಿ ಹಿಡಿಯಿರಿ, ಇನ್ನೊಂದನ್ನು ಲಂಡನ್ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಸರಿದು ಒಂದು ಕಡೆ ಕೂರುತ್ತದೆ. ಅದೇ ಅತಿ ಹತ್ತಿರದ ದಾರಿ. 30 ಸೆಂ.ಮೀ ಅಡ್ಡಳತೆಯ ಗ್ಲೋಬ್ ಆದರೆ ಸುತ್ತಳತೆ ಸುಮಾರು 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ದಾರದ ಒಂದು ಸೆಂ.ಮೀ 425 ಕಿ.ಮೀಗೆ ಸಮ. ನಮ್ಮ ದಾರ 19 ಸೆಂ.ಮೀ ಬಂತು. ಗುಣಿಸಿದರೆ 8,075 ಕಿ.ಮೀ. ಬರೀ ದಾರದಲ್ಲಿ ಇಷ್ಟು ಸರಿಯಾಗಿ ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ.

ದಾರ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಲಂಡನ್ ಅಂದರೆ ನಾವೆಲ್ಲ ಪಶ್ಚಿಮಕ್ಕೆ ಕೈ ತೋರಿಸುತ್ತೇವೆ ಅಲ್ವಾ? ದಾರ ಹೊರಡುವುದು ವಾಯವ್ಯಕ್ಕೆ. ಚಿಕ್ಕಬಳ್ಳಾಪುರದಲ್ಲಿ ನಿಂತವರಿಗೆ ಅದು ಹೆಚ್ಚುಕಮ್ಮಿ ಗೌರಿಬಿದನೂರಿನ ದಿಕ್ಕು. ಅರ್ಧ ದಾರಿಗೆ ಬಂದಾಗ ದಾರ ಕ್ಯಾಸ್ಪಿಯನ್ ಸಮುದ್ರದ ದಡ ಮುಟ್ಟಿರುತ್ತದೆ.

ಇನ್ನಷ್ಟು ಸರಿಯಾದ ಅಂಕಿ ಬೇಕಿದ್ದರೆ ಫೋನಿನ ಕ್ಯಾಲ್ಕುಲೇಟರ್ ತೆಗೆದು ಫೋನನ್ನು ಅಡ್ಡ ಹಿಡಿಯಿರಿ. ಸೈನ್, ಕಾಸ್ ಬಟನ್‌ಗಳು ಬರುತ್ತವೆ. ಡಿಗ್ರಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ರೇಡಿಯನ್‌ನಲ್ಲಿದ್ದರೆ ತಲೆಬುಡ ಇಲ್ಲದ ಉತ್ತರ ಬರುತ್ತದೆ. ನಾನು ಮೊದಲ ಸಲ ಅದೇ ತಪ್ಪು ಮಾಡಿ ಕಾಲು ಗಂಟೆ ಸುಮ್ನೆ ತಲೆ ಕೆರೆದುಕೊಂಡೆ.

ಎರಡು ಅಕ್ಷಾಂಶಗಳ ಸೈನ್ ಗುಣಿಸಿ: 0.2284 × 0.7823 = 0.1787.

ರೇಖಾಂಶಗಳ ಅಂತರ ತೆಗೆಯಿರಿ. ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ಕೂಡಬೇಕು: 77.71 + 0.45 = 78.16. ಕೂಡಿದ್ದು 180 ದಾಟಿದರೆ 360ರಲ್ಲಿ ಕಳೆಯಿರಿ. ಎರಡೂ ಪೂರ್ವವೇ ಆಗಿದ್ದರೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಆಯಿತು.

ಈಗ ಎರಡು ಅಕ್ಷಾಂಶಗಳ ಕಾಸ್, ಈ ಅಂತರದ ಕಾಸ್, ಮೂರನ್ನೂ ಗುಣಿಸಿ: 0.9736 × 0.6229 × 0.2052 = 0.1244.

ಎರಡು ಉತ್ತರಗಳನ್ನೂ ಕೂಡಿ: 0.3031. ಇದಕ್ಕೆ ಕಾಸ್ ಇನ್‌ವರ್ಸ್ ಒತ್ತಿ: 72.36 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 111.2 ಕಿ.ಮೀ. ಗುಣಿಸಿದರೆ 8,046 ಕಿ.ಮೀ. ಭೂಮಿ ಪೂರ್ತಿ ದುಂಡಗಿಲ್ಲದ ಕಾರಣ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. 8,050 ಅಂತಿಟ್ಟುಕೊಳ್ಳಿ. ಇಷ್ಟೆಲ್ಲ ಬೇಡ ಅನ್ನುವವರು ಗೂಗಲ್ ಮ್ಯಾಪ್‌ನಲ್ಲೇ ದೂರ ಅಳೆಯುವ ಆಯ್ಕೆ ಬಳಸಬಹುದು. ಅದೂ ಇದೇ ಅಂಕಿಯ ಹತ್ತಿರ ಬರುತ್ತದೆ.

ಹಂತ 3: ದೂರವನ್ನು ಗಂಟೆ ಮಾಡುವುದು

ಬೋಯಿಂಗ್ 787, 777ರಂಥ ದೊಡ್ಡ ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ ವೇಗದಲ್ಲಿ ಹಾರುತ್ತವೆ. 8,050ನ್ನು 900ರಿಂದ ಭಾಗಿಸಿದರೆ ಒಂಬತ್ತು ಗಂಟೆಗೆ ಸ್ವಲ್ಪ ಕಡಿಮೆ. ಅದಕ್ಕೆ ಅರ್ಧ ಗಂಟೆ ಸೇರಿಸಿದರೆ ಒಂಬತ್ತೂವರೆ. ನಮ್ಮ ತಮ್ಮನಿಗೆ ನೆಟ್‌ನಲ್ಲಿ ಸಿಕ್ಕಿದ್ದು ಇದೇ. ಲೆಕ್ಕ ಸರಿ, ಆದರೆ ಅದು ಗಾಳಿಯೂ ಇಲ್ಲದ, ಗಡಿಯೂ ಇಲ್ಲದ ಆಕಾಶದ ಲೆಕ್ಕ. ನಿಜದ ಗಂಟೆಗೆ ಮೂರು ತಿದ್ದುಪಡಿ ಮಾಡಬೇಕು.

ಒಂದು, ಸುತ್ತು ದಾರಿ. ದಾರ ಕೂತ ಗೆರೆಯನ್ನೇ ಹಿಡಿದು ಹೋದರೆ ಪಾಕಿಸ್ತಾನದ ಬಲೂಚಿಸ್ತಾನ, ಇರಾನ್, ಕ್ಯಾಸ್ಪಿಯನ್ ದಡ, ಕಪ್ಪು ಸಮುದ್ರ, ಯುಕ್ರೇನಿನ ಅಂಚು, ಹೀಗೆ ಸಾಗುತ್ತದೆ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಯುಕ್ರೇನಿನ ಆಕಾಶ ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ಏರ್‌ಲೈನ್‌ಗಳಿಗೆ ತನ್ನ ಆಕಾಶ ಮುಚ್ಚಿತು. ಇಂಥ ಸಮಯದಲ್ಲಿ ವಿಮಾನ ಅರಬ್ಬಿ ಸಮುದ್ರದ ಮೇಲೆ ಬಳಸಿಕೊಂಡು ಹೋಗಬೇಕು. ಒಂದೇ ದಿನ, ಒಂದೇ ಊರಿಗೆ, ಎರಡು ಏರ್‌ಲೈನ್‌ಗಳ ಸಮಯದಲ್ಲಿ ವ್ಯತ್ಯಾಸ ಕಂಡರೆ ಕಾರಣ ಇದೂ ಇರಬಹುದು. ಒಂದಕ್ಕೆ ತೆರೆದ ಬಾಗಿಲು ಇನ್ನೊಂದಕ್ಕೆ ಮುಚ್ಚಿರುತ್ತದೆ. ನಾನು ದೂರಕ್ಕೆ ನೂರಕ್ಕೆ ಐದರಂತೆ ಸೇರಿಸುತ್ತೇನೆ. 8,050 ಹೋಗಿ ಸುಮಾರು 8,450 ಆಗುತ್ತದೆ.

ಎರಡು, ಗಾಳಿ. ಹತ್ತು ಕಿ.ಮೀ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಹೊಳೆಯಂತೆ ಹರಿಯುತ್ತದೆ. ಅದಕ್ಕೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದರ ಜೋರು ಜಾಸ್ತಿ, ಕೆಲವು ಕಡೆ ಗಂಟೆಗೆ 200 ಕಿ.ಮೀ ದಾಟುತ್ತದೆ. ಲಂಡನ್‌ಗೆ ಹೋಗುವಾಗ ಅದು ಎದುರಿಗೆ, ಬರುವಾಗ ಬೆನ್ನಿಗೆ. ದಾರಿಯುದ್ದಕ್ಕೂ ಒಂದೇ ಸಮ ಇರುವುದಿಲ್ಲವಾದ್ದರಿಂದ ಸರಾಸರಿ 50 ಕಿ.ಮೀ ಅಂತ ಹಿಡಿಯಿರಿ. ಹೋಗುವಾಗ ವೇಗ 850, ಬರುವಾಗ 950. ಮಳೆಗಾಲದಲ್ಲಿ ಮಾತ್ರ ನಮ್ಮ ದಕ್ಷಿಣ ಭಾರತದ ಮೇಲೆ, ಇನ್ನೂ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಬೇರೆಯೇ ಒಂದು ಗಾಳಿ ಇರುತ್ತದೆ. ಲಂಡನ್ ದಾರಿಯಲ್ಲಿ ಅದು ಸಿಗುವುದು ಸ್ವಲ್ಪ ದೂರ ಮಾತ್ರ.

ಇಲ್ಲೊಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಭೂಮಿ ಪೂರ್ವಕ್ಕೆ ತಿರುಗುತ್ತಿದೆ, ವಿಮಾನ ಪಶ್ಚಿಮಕ್ಕೆ ಹೋದರೆ ಲಂಡನ್ ತಾನಾಗಿಯೇ ಎದುರು ಬರಬೇಕಲ್ಲ? ಗೌರಿಬಿದನೂರಿನ ರೈಲಿನಲ್ಲಿ ಕೂತು ಒಂದು ಕಡ್ಲೆಕಾಯಿ ಮೇಲಕ್ಕೆ ಎಸೆಯಿರಿ. ಹಿಂದಿನ ಸೀಟಿನವರ ಮೇಲೆ ಬೀಳುವುದಿಲ್ಲ, ನಿಮ್ಮ ಕೈಗೇ ಬರುತ್ತದೆ. ರೈಲಿನ ವೇಗ ಕಡ್ಲೆಕಾಯಿಗೂ ಇರುತ್ತದೆ. ಹಾಗೆಯೇ ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ವಿಮಾನ ಆ ಗಾಳಿಯೊಳಗೆ ಹಾರುತ್ತದೆ.

ಮೂರು, ನೆಲದ ಮೇಲಿನ ಹೊತ್ತು. ಟಿಕೆಟ್‌ನಲ್ಲಿ ಬರೆಯುವ ಸಮಯ ಗೇಟಿನಿಂದ ಗೇಟಿಗೆ, ರನ್‌ವೇಯಿಂದ ರನ್‌ವೇಗೆ ಅಲ್ಲ. ಹತ್ತುವಾಗ, ಇಳಿಯುವಾಗ ನಿಧಾನ ಆಗುವುದಕ್ಕೆ ಅರ್ಧ ಗಂಟೆ, ಎರಡೂ ಕಡೆ ನೆಲದ ಮೇಲೆ ಉರುಳುವುದಕ್ಕೆ ಅರ್ಧ ಗಂಟೆ. ಒಟ್ಟು ಒಂದು ಗಂಟೆ ಸೇರಿಸಿ.

ಈಗ ನೋಡಿ. ಹೋಗುವಾಗ 8,450ನ್ನು 850ರಿಂದ ಭಾಗಿಸಿದರೆ 9 ಗಂಟೆ 56 ನಿಮಿಷ, ಒಂದು ಗಂಟೆ ಸೇರಿಸಿದರೆ ಹತ್ತಿರ ಹತ್ತಿರ 10 ಗಂಟೆ 55 ನಿಮಿಷ. ಬರುವಾಗ ಅದೇ ದೂರವನ್ನು 950ರಿಂದ ಭಾಗಿಸಿ ಒಂದು ಗಂಟೆ ಸೇರಿಸಿದರೆ 9 ಗಂಟೆ 55 ನಿಮಿಷ. ಅಳಿಯ ಹೇಳಿದ ಹನ್ನೊಂದು ಗಂಟೆ ಸರಿ ಇತ್ತು.

ಹಂತ 4: ಟಿಕೆಟ್ ಓದುವುದು, ತಾರೀಖು ತಪ್ಪದಿರುವುದು

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಸೇರುವ ಸಮಯ ಸೇರುವ ಊರಿನದು. ಚಿಕ್ಕಪ್ಪ ತಪ್ಪಿದ್ದು ಇಲ್ಲಿಯೇ. ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ನಮ್ಮಲ್ಲಿ ಆ ತಂಟೆಯಿಲ್ಲ.

ಹಾಗಾಗಿ ಇಲ್ಲಿ ಬೆಳಿಗ್ಗೆ 7ಕ್ಕೆ ಬಿಟ್ಟರೆ 10 ಗಂಟೆ 55 ನಿಮಿಷ ಆಗುವಾಗ ನಮ್ಮ ಗಡಿಯಾರದಲ್ಲಿ ಸಂಜೆ 5.55. ಅದರಲ್ಲಿ ಐದೂವರೆ ಗಂಟೆ ಕಳೆದರೆ ಲಂಡನ್‌ನ ಮಧ್ಯಾಹ್ನ 12.25. ಬರುವಾಗ ತಿರುಗಾಮುರುಗಾ. ಅಲ್ಲಿ ಮಧ್ಯಾಹ್ನ 2ಕ್ಕೆ ಬಿಟ್ಟರೆ ಇಲ್ಲಿ ಸೇರುವುದು ಮರುದಿನ ಬೆಳಗಿನ ಜಾವ 5.25ಕ್ಕೆ. ಟಿಕೆಟ್‌ನಲ್ಲಿ ಪಕ್ಕಕ್ಕೆ ಸಣ್ಣದಾಗಿ ಪ್ಲಸ್ ಒಂದು ಅಂತ ಇರುತ್ತದೆ. ಅದು ಮರುದಿನ ಅಂತ ಅರ್ಥ. ಏರ್‌ಪೋರ್ಟ್‌ಗೆ ಕರೆದುಕೊಂಡು ಬರಲು ಹೋಗುವವರು ಅದನ್ನು ಕನ್ನಡಕ ಹಾಕಿಕೊಂಡು ಓದಬೇಕು.

ಇದಕ್ಕಿಂತ ದೊಡ್ಡ ಗುಂಡಿ ಒಂದಿದೆ. ನಮ್ಮ ಮಾವ ಒಬ್ಬರು ಅದರಲ್ಲಿ ಬಿದ್ದರು. ಟಿಕೆಟ್‌ನಲ್ಲಿ 15ನೇ ತಾರೀಖು, 00.40 ಅಂತ ಇತ್ತು. ಅವರು 15ರ ಹಗಲೆಲ್ಲ ಚಕ್ಕುಲಿ, ಉಪ್ಪಿನಕಾಯಿ ಪ್ಯಾಕ್ ಮಾಡಿ, ದೇವಸ್ಥಾನಕ್ಕೂ ಹೋಗಿ ಬಂದು, ರಾತ್ರಿ ಊಟ ಮುಗಿಸಿ ಹೊರಟರು. ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. 00.40 ಅಂದರೆ 14ರ ರಾತ್ರಿ ಕಳೆದು 15 ಶುರುವಾದ ಮೊದಲ ಗಂಟೆ. ಬಾಗಿಲಲ್ಲಿದ್ದ ಪೊಲೀಸಿನವರು ಟಿಕೆಟ್ ತಿರುಗಿಸಿ ತೋರಿಸಿದಾಗಲೇ ಅವರಿಗೆ ಗೊತ್ತಾಗಿದ್ದು. ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ 12ರಿಂದ ಬೆಳಗಿನ 4ರೊಳಗಿನ ಟಿಕೆಟ್ ಬಂದರೆ ಕ್ಯಾಲೆಂಡರ್‌ನಲ್ಲಿ ಹಿಂದಿನ ದಿನದ ಚೌಕಕ್ಕೆ ಕೆಂಪು ಪೆನ್ನಿನಲ್ಲಿ 'ಇವತ್ತು ರಾತ್ರಿ ಹೊರಡಬೇಕು' ಅಂತ ಬರೆಯುತ್ತೇವೆ.

ಹಂತ 5: ನೇರವೋ, ನಡುವೆ ಇಳಿಯುವುದೋ

ದುಬೈ ಮೇಲೆ ಹೋದರೆ ಸುತ್ತು ಬಳಸು ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ, ಅಲ್ಲಿಂದ ಹೀಥ್ರೂಗೆ ಸುಮಾರು 5,500. ಒಟ್ಟು 8,200. ನೇರ ದಾರಿಗಿಂತ ಜಾಸ್ತಿಯಾಗಿದ್ದು ಬರೀ ನೂರೈವತ್ತು ಕಿ.ಮೀ. ದೂರ ಹೆಚ್ಚುವುದಿಲ್ಲ, ಹೊತ್ತು ಹೆಚ್ಚುತ್ತದೆ. ನಾಲ್ಕು ಗಂಟೆ ಒಂದು ವಿಮಾನ, ಏಳೂವರೆ ಗಂಟೆ ಇನ್ನೊಂದು, ನಡುವೆ ಮೂರು ಗಂಟೆ ಕಾಯುವುದು, ಒಟ್ಟು ಹದಿನಾಲ್ಕೂವರೆ. ದುಡ್ಡು ಉಳಿಯಬಹುದು. ಆದರೆ ಇಂಗ್ಲಿಷ್ ಬಾರದ, ಮಂಡಿ ನೋವಿನ ಹಿರಿಯರು ಒಬ್ಬರೇ ಹೋಗುವುದಾದರೆ ನೇರ ವಿಮಾನವೇ ಸರಿ ಅಂತ ನನ್ನ ಅಭಿಪ್ರಾಯ. ನಡುವೆ ಇಳಿಯಲೇಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಬರುವವರೂ ಕೇಳಬಹುದು. ಗೇಟ್ ಹುಡುಕುವ ಗಾಬರಿ ತಪ್ಪುತ್ತದೆ.

ಅಮೆರಿಕಕ್ಕೆ ಹೋಗುವವರಿಗೆ

ಸ್ಯಾನ್ ಫ್ರಾನ್ಸಿಸ್ಕೋಗೂ ಇದೇ ಲೆಕ್ಕ ಹಾಕಿದರೆ ಸುಮಾರು 14,000 ಕಿ.ಮೀ ಬರುತ್ತದೆ. ಭೂಮಿಯ ಮೇಲೆ ಅದು ನಮಗೆ ಹೆಚ್ಚುಕಮ್ಮಿ ಆಚೆ ಬದಿ. ಗ್ಲೋಬ್ ಮೇಲೆ ದಾರ ಎಳೆದರೆ ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಬಾಗೇಪಲ್ಲಿ ಕಡೆಗೆ, ಉತ್ತರಕ್ಕೆ ಏರಿ ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ನೇರ ಉತ್ತರ ಧ್ರುವದ ಮೇಲೇ ಹೋದರೂ 400 ಕಿ.ಮೀ ಕೂಡ ಹೆಚ್ಚಾಗುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಬಂದದ್ದು ಹಾಗೆಯೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವದಲ್ಲಿ ಬರೀ ಮಹಿಳಾ ಪೈಲಟ್‌ಗಳೇ ಅದನ್ನು ಧ್ರುವದ ಮೇಲೆ ಹಾರಿಸಿಕೊಂಡು ದೇವನಹಳ್ಳಿಗೆ ತಂದರು. ಸುಮಾರು ಹದಿನೇಳು ಗಂಟೆ ಹಿಡಿಯಿತು.

ಸಮಯದ ವ್ಯತ್ಯಾಸ ಅಲ್ಲಿ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅದರಿಂದ ಒಂದು ಮಜಾ ಆಗುತ್ತದೆ. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಹದಿನೇಳು ಗಂಟೆ ಹಾರಿ ಇಳಿದರೆ ಅಲ್ಲಿ ಅದೇ ದಿನದ ಸಂಜೆ 5.30.

ಹಂತ 6: ಮನೆಯಿಂದ ಮನೆಗೆ

ಚಿಕ್ಕಬಳ್ಳಾಪುರದಿಂದ ಏರ್‌ಪೋರ್ಟ್‌ಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಮೂವತ್ತು ಕಿ.ಮೀ ಚಿಲ್ಲರೆ. ರಸ್ತೆ ಖಾಲಿ ಇದ್ದರೆ ಮುಕ್ಕಾಲು ಗಂಟೆ ಸಾಕು, ಒಂದು ಗಂಟೆ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಬೈಕು, ಕಾರು ಸಾಲುಗಟ್ಟಿ ಬರುತ್ತವಾದರೂ ಅವು ನಮಗೆ ಎದುರು ದಿಕ್ಕಿನವು. ಹೆದರಬೇಕಾದ್ದು ಭಾನುವಾರ ಸಂಜೆಗೆ. ನಂದಿ, ಆವಲಗುರ್ಕಿಯ ಆದಿಯೋಗಿ ನೋಡಿಕೊಂಡು ಬೆಂಗಳೂರಿಗೆ ವಾಪಸಾಗುವ ಜನವೆಲ್ಲ ನಮ್ಮ ದಿಕ್ಕಿನಲ್ಲೇ ಹೊರಟಿರುತ್ತಾರೆ. ಆಗ ಇನ್ನೊಂದು ಗಂಟೆ ಮೊದಲೇ ಬಿಡಿ. ದೇವನಹಳ್ಳಿ ರೈಲು ದಾರಿಯಲ್ಲಿ ಏರ್‌ಪೋರ್ಟ್ ಹಾಲ್ಟ್ ಅಂತ ಒಂದು ಸ್ಟೇಷನ್ 2021ರಿಂದ ಇದೆ. ರೈಲುಗಳು ಕಡಿಮೆ, ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ನಾನಂತೂ ಅದನ್ನು ನಂಬುವುದಿಲ್ಲ.

ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವುದಕ್ಕೆ ಒಂದು ಗಂಟೆ ಇರುವಾಗಲೇ ಮುಚ್ಚುತ್ತದೆ. ಆ ಕಡೆ ಇಮಿಗ್ರೇಷನ್ ಸಾಲು, ಲಗೇಜು ಸೇರಿ ಒಂದೂವರೆ ಗಂಟೆ, ಅಲ್ಲಿಂದ ಮಗಳ ಮನೆಗೆ ಒಂದೂಕಾಲು ಗಂಟೆ. ಕೂಡಿದರೆ 17 ಗಂಟೆ 40 ನಿಮಿಷ. ಅದರಲ್ಲಿ ವಿಮಾನದ್ದು ಹನ್ನೊಂದೇ. ಬೆಳಿಗ್ಗೆ 7ರ ವಿಮಾನಕ್ಕೆ ಮನೆ ಬಿಡುವುದು ರಾತ್ರಿ 3ಕ್ಕೆ. ಅಂದರೆ ಹಿಂದಿನ ರಾತ್ರಿ ನಿದ್ದೆ ಇಲ್ಲ ಅಂತಲೇ ಲೆಕ್ಕ.

ಹಂತ 7: ಮಾತ್ರೆ, ಊಟ, ಗಡಿಯಾರ

ಚಿಕ್ಕಮ್ಮನಿಗೆ ದಿನಾ ಬೆಳಿಗ್ಗೆ 8ಕ್ಕೆ ಬಿಪಿ ಮಾತ್ರೆ. ಹೊರಟ ದಿನ ಅದು ವಿಮಾನ ಎದ್ದ ಒಂದು ಗಂಟೆಗೆ ಬರುತ್ತದೆ, ಸುಲಭ. ತೊಡಕು ಮರುದಿನ. ನಮ್ಮ ಬೆಳಗಿನ 8 ಅಂದರೆ ಲಂಡನ್‌ನಲ್ಲಿ ಚಳಿಗಾಲದ ನಡುರಾತ್ರಿ 2.30. ಎಬ್ಬಿಸಿ ಕೊಡಬೇಕಾ, ಅಲ್ಲಿನ 8ರ ತನಕ ಕಾಯಬೇಕಾ? ಇದನ್ನು ನಾವು ಅಂದಾಜಿನಲ್ಲಿ ತೀರ್ಮಾನ ಮಾಡಬಾರದು. ಬಿಪಿ ಮಾತ್ರೆಗೆ ಒಂದು ಉತ್ತರ ಇದ್ದರೆ ಇನ್ಸುಲಿನ್‌ಗೆ ಬೇರೆ ಉತ್ತರ. ಎರಡೂ ಊರಿನ ಸಮಯ ಅಕ್ಕಪಕ್ಕ ಬರೆದ ಚೀಟಿಯನ್ನು ಡಾಕ್ಟರ ಮುಂದಿಟ್ಟು ಅವರ ಕೈಯಲ್ಲೇ ಗುರುತು ಹಾಕಿಸಿಕೊಂಡು ಬನ್ನಿ. ಮಾತ್ರೆ, ಡಾಕ್ಟರ ಚೀಟಿ ಎರಡೂ ಕೈಚೀಲದಲ್ಲೇ ಇರಲಿ, ದೊಡ್ಡ ಲಗೇಜಿನಲ್ಲಿ ಬೇಡ. ವಿಮಾನದೊಳಗೆ ಒಂದೂವರೆ ಎರಡು ಗಂಟೆಗೊಮ್ಮೆ ಎದ್ದು ಓಡಾಡಬೇಕು, ನೀರು ಕುಡಿಯುತ್ತಿರಬೇಕು. ಅದಕ್ಕೇ ಕಿಟಕಿ ಬೇಡ, ಓಣಿ ಪಕ್ಕದ ಸೀಟು ಕೇಳಿ.

ಕೊನೆಯದು ಗಡಿಯಾರ. ಫೋನು ಇಳಿದ ಊರಿನ ಸಮಯಕ್ಕೆ ತಾನೇ ಬದಲಾಗುತ್ತದೆ. ಹಾಗಾಗಿ ಕೈಗಡಿಯಾರವನ್ನು ನಮ್ಮ ಸಮಯದಲ್ಲೇ ಬಿಡುವುದು ಒಳ್ಳೆಯದು, ಊರಿಗೆ ಫೋನ್ ಮಾಡುವಾಗ ಲೆಕ್ಕ ಹಾಕುವ ಕೆಲಸ ಇರುವುದಿಲ್ಲ. ಚಿಕ್ಕಮ್ಮನ ಹತ್ತಿರ ಕೀಲಿ ಕೊಡುವ ಹಳೇ ಎಚ್‌ಎಂಟಿ ಇದೆ, ನಮ್ಮ ತುಮಕೂರಿನಲ್ಲಿ ಆ ಕಾರ್ಖಾನೆ ಇದ್ದ ಕಾಲದ್ದು. ಅಲ್ಲಿ ಇದ್ದಷ್ಟು ದಿನವೂ ರಾತ್ರಿ ಮಲಗುವ ಮುಂಚೆ ಅದಕ್ಕೆ ಕೀಲಿ ಕೊಟ್ಟು, ಮುಳ್ಳು ನೋಡಿ, 'ಈಗ ನಮ್ಮೂರಲ್ಲಿ ಹಾಲು ಹಾಕೋನು ಬಂದಿರ್ತಾನೆ' ಅನ್ನುತ್ತಿದ್ದರಂತೆ.